ಗಂಗಾಳದಲ್ಲಿ ಗುಳಿಗೆ: ವಿಪತ್ತಿನ ವೈದ್ಯಕೀಯ ತಂಡ ಸೇರುವವರಿಗೆ

(ನರ್ಸಿಂಗ್ ಮತ್ತು ಫಾರ್ಮಸಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಆಡುವಾಗ ಮರೆತ ಒಂದೆರಡು ವಿಷಯವನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ನಿಮ್ಮ ಬ್ಯಾನರಿನಲ್ಲಿ ನನ್ನ ಹೆಸರಿನ ಹಿಂದೆ ‘ಡಾ.’ ಅಂತ ಹಾಕಿದ್ದೀರಿ. ಅದರ ಫೋಟೊ ನೋಡಿ ನಮ್ಮ ಅವ್ವನಿಗೆ ಬಹಳ ಖುಷಿಯಾಗಿದೆ, ಹಾಗಾಗಿ ಬ್ಯಾನರ್ ಇಳಿಸುವುದು ಬೇಡ. ಆದರೆ ನಾನು ಫಾರ್ಮಸಿಸ್ಟ್. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಔಷಧಿ ಕೌಂಟರಿನ ಹಿಂದೆ ನಿಲ್ಲುವವಳು. ಅರ್ಥವಾಗದ ಚೀಟಿ ಓದುವುದು, ಗುಳಿಗೆ ಎಣಿಸುವುದು, ಕವರಿನ ಮೇಲೆ ‘ಊಟದ ಮೇಲೆ’ ಅಂತ ಬರೆಯುವುದು, ಇದೇ ನನ್ನ ಕೆಲಸ. ವರ್ಷಕ್ಕೆ ಒಂದು ಸಲವೋ ಎರಡು ಸಲವೋ, ಎಲ್ಲಾದರೂ ನೆರೆ ಬಂದಾಗ, ಗುಡ್ಡ ಕುಸಿದಾಗ, ಸ್ವಯಂಸೇವಕರ ತಂಡದ ಜೊತೆ ಹೋಗಿ ಇದೇ ಕೆಲಸವನ್ನು ಶಾಲೆಯ ಬೆಂಚಿನ ಮೇಲೆ ಮಾಡುತ್ತೇನೆ. ಅಷ್ಟೇ.

ವಿಪತ್ತು ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ ಅಂತ ನನಗೆ ಗೊತ್ತು. ಹೆಲಿಕಾಪ್ಟರ್, ಹಗ್ಗ, ಕಿತ್ತಳೆ ಬಣ್ಣದ ಡ್ರೆಸ್ಸು, ಮಣ್ಣಿನ ಅಡಿಯಿಂದ ಮಗುವನ್ನು ಎತ್ತುವ ಕೈ. ಆ ಕೆಲಸ ಇದೆ, ಇಲ್ಲ ಅಂತಲ್ಲ. ಅದನ್ನು ಎನ್‌ಡಿಆರ್‌ಎಫ್‌ನವರು, ಅಗ್ನಿಶಾಮಕದವರು, ಸೈನ್ಯದವರು ಮಾಡುತ್ತಾರೆ. ಅವರೆಲ್ಲರಿಗಿಂತ ಮುಂಚೆ ಅಕ್ಕಪಕ್ಕದ ಮನೆಯವರು ಮಾಡಿರುತ್ತಾರೆ. ನಮ್ಮಂಥ ತಂಡ ಊರು ಮುಟ್ಟುವ ಹೊತ್ತಿಗೆ ಒಂದು ದಿನ, ಎರಡು ದಿನ, ಕೆಲವು ಸಲ ಇನ್ನೂ ಜಾಸ್ತಿ ಆಗಿರುತ್ತದೆ. ಆಗ ನಮ್ಮ ಮುಂದೆ ಬಂದು ಕೂರುವುದು ಯಾರು? ಬಿ.ಪಿ. ಗುಳಿಗೆ ನೀರಲ್ಲಿ ಹೋದವರು. ಇನ್ಸುಲಿನ್ ಇಟ್ಟ ಫ್ರಿಡ್ಜೇ ಮುಳುಗಿದವರು. ಆರು ತಿಂಗಳ ಟಿ.ಬಿ. ಚಿಕಿತ್ಸೆಯಲ್ಲಿ ಮೂರು ತಿಂಗಳು ಮುಗಿಸಿ, ಉಳಿದ ಗುಳಿಗೆಯ ಡಬ್ಬಿಯನ್ನು ಅಟ್ಟದ ಮೇಲೆ ಬಿಟ್ಟು ಓಡಿ ಬಂದವರು. ಫಿಟ್ಸ್ ಇರುವ ಹುಡುಗ. ಏಳು ತಿಂಗಳ ಬಸುರಿ. ಇವರ ಗಾಯ ಟಿ.ವಿ.ಯಲ್ಲಿ ಕಾಣುವುದಿಲ್ಲ. ಇವತ್ತು ನಾನು ಮಾತಾಡುವುದು ಇವರ ಬಗ್ಗೆ.

ಅದಕ್ಕೂ ಮುಂಚೆ ನನ್ನ ದಡ್ಡತನದ ಕಥೆ ಕೇಳಿ.

2018ರ ಆಗಸ್ಟ್. ಕೊಡಗಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಅಂತ ಅಲ್ಲಿವರೆಗೂ ನಾವು ಕೇಳದೇ ಇದ್ದ ಊರುಗಳ ಹೆಸರು ದಿನವಿಡೀ ಸುದ್ದಿಯಲ್ಲಿ. ಗುಡ್ಡಕ್ಕೆ ಗುಡ್ಡವೇ ಜಾರಿ ಕೆಂಪು ಮಣ್ಣಾಗಿ ಹರಿದ ವಿಡಿಯೊಗಳು. ಕೂತಲ್ಲಿ ಕೂರಲು ಆಗಲಿಲ್ಲ. ನಾನು, ನನ್ನ ತಮ್ಮ, ಅವನ ಗೆಳೆಯ ಸೇರಿ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿದೆವು. ಎರಡೇ ದಿನದಲ್ಲಿ ಮನೆಯ ಜಗಲಿ ತುಂಬ ಔಷಧಿ. ತಮ್ಮನ ಓಮ್ನಿಗೆ ತುಂಬಿಕೊಂಡು ಕರಾವಳಿ ರಸ್ತೆ ಹಿಡಿದು ಮಂಗಳೂರು, ಪುತ್ತೂರು, ಸುಳ್ಯ ದಾಟಿ ಸಂಪಾಜೆ ಕಡೆ ಹೋದೆವು. ಯಾರಿಗೂ ಫೋನ್ ಮಾಡಿರಲಿಲ್ಲ. ‘ನೀವು ಬರಬೇಕಾ’ ಅಂತ ಯಾರನ್ನೂ ಕೇಳಿರಲಿಲ್ಲ. ಒಳ್ಳೆ ಕೆಲಸಕ್ಕೆ ಕೇಳುವುದೇನು, ಅಲ್ವಾ?

ಸಂಪಾಜೆಯಿಂದ ಮೇಲೆ ಮಡಿಕೇರಿಗೆ ಹೋಗುವ ಹೆದ್ದಾರಿಯೇ ಕೊಚ್ಚಿಹೋಗಿತ್ತು. ಕೆಳಗೆ ಒಂದು ಶಾಲೆಯಲ್ಲಿ ಗಂಜಿ ಕೇಂದ್ರ ಇತ್ತು, ಅಲ್ಲಿಗೆ ಹೋದೆವು. ಒಳಗೆ ಒಂದು ಕೋಣೆ ತೋರಿಸಿದರು. ಬಾಗಿಲು ತೆಗೆದರೆ ಎದೆಮಟ್ಟಕ್ಕೆ ಔಷಧಿ. ನಮ್ಮ ಹಾಗೆಯೇ ಬೇರೆ ಬೇರೆ ಊರಿನಿಂದ ಬಂದವರು ಇಳಿಸಿಹೋದದ್ದು. ಅರ್ಧ ಹರಿದ ಸ್ಟ್ರಿಪ್‌ಗಳು, ಹೆಸರಿನ ಭಾಗವನ್ನೇ ಕತ್ತರಿಸಿದ ಸ್ಟ್ರಿಪ್‌ಗಳು, ತೆರೆದ ಕೆಮ್ಮಿನ ಸಿರಪ್ಪು, ಅವಧಿ ಮುಗಿದ ಐ ಡ್ರಾಪ್ಸ್, ಜ್ವರದ ಗುಳಿಗೆಯಂತೂ ಇಡೀ ತಾಲೂಕಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟು. ಅಲ್ಲಿದ್ದ ಹಿರಿಯ ಸಿಸ್ಟರ್ ಒಬ್ಬರು ನಮ್ಮ ಓಮ್ನಿಯನ್ನು ನೋಡಿದರು. ಔಷಧಿ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದು ಎರಡೇ ಪ್ರಶ್ನೆ. “ನಿಮ್ಮ ಊಟ ಎಲ್ಲಿ? ರಾತ್ರಿ ಮಲಗುವುದು ಎಲ್ಲಿ?”

ನಮ್ಮ ಹತ್ತಿರ ಎರಡಕ್ಕೂ ಉತ್ತರ ಇರಲಿಲ್ಲ. ಆ ರಾತ್ರಿ ಮನೆ ಕಳೆದುಕೊಂಡವರಿಗೆ ಅಂತ ಬಂದಿದ್ದ ಚಾಪೆಯಲ್ಲಿ ಮೂರನ್ನು ನಾವು ಹಾಸಿಕೊಂಡೆವು. ಅವರ ಗಂಜಿಯಲ್ಲಿ ಮೂರು ತಟ್ಟೆ ನಾವು ಉಂಡೆವು. ಬೇಡ ಅನ್ನುವಷ್ಟು ಸೌಜನ್ಯವೂ ನಮಗಿರಲಿಲ್ಲ, ಹಸಿವಾಗಿತ್ತು.

ಮಾರನೇ ದಿನ ನಾನು ಆ ಕೋಣೆಯಲ್ಲಿ ಕೂತು ಔಷಧಿ ವಿಂಗಡಿಸಿದೆ. ಪೂರ್ತಿ ಎರಡು ದಿನ. ಬಳಸಬಹುದಾದದ್ದು ಒಂದು ಕಡೆ, ಉಳಿದದ್ದು ಗೋಣಿಚೀಲಕ್ಕೆ. ಗೋಣಿಚೀಲವೇ ಜಾಸ್ತಿಯಾಯಿತು. ಆಮೇಲೆ ಓದಿದಾಗ ತಿಳಿಯಿತು, ಇದು ನಮ್ಮ ಒಬ್ಬರ ಕಥೆಯಲ್ಲ. 1988ರ ಡಿಸೆಂಬರಿನಲ್ಲಿ ಆರ್ಮೇನಿಯಾದಲ್ಲಿ ಭೂಕಂಪ ಆದಾಗ ಜಗತ್ತಿನ ಎಲ್ಲ ಕಡೆಯಿಂದ ಸುಮಾರು 5,000 ಟನ್ ಔಷಧಿ ಮತ್ತು ವೈದ್ಯಕೀಯ ಸಾಮಾನು ಬಂದು ಬಿತ್ತಂತೆ. ಅದರಲ್ಲಿ ಏನೇನಿದೆ ಅಂತ ಅಂದಾಜು ಸಿಗುವುದಕ್ಕೇ 50 ಜನ ಆರು ತಿಂಗಳು ಕೂರಬೇಕಾಯಿತು. ಇಂಥ ಅನುಭವಗಳ ಮೇಲೆಯೇ ವಿಶ್ವ ಆರೋಗ್ಯ ಸಂಸ್ಥೆ ಔಷಧಿ ದಾನಕ್ಕೆ ನಿಯಮ ಮಾಡಿದ್ದು. ಕೇಳಿದ್ದನ್ನು ಮಾತ್ರ ಕೊಡಿ, ತಲುಪಿದ ಮೇಲೂ ಕನಿಷ್ಠ ಒಂದು ವರ್ಷ ಅವಧಿ ಇರಲಿ, ರೋಗಿಗಳು ವಾಪಸ್ ಕೊಟ್ಟ ಗುಳಿಗೆ ಕೊಡಬೇಡಿ. ನಮ್ಮ ಓಮ್ನಿ ಈ ಮೂರನ್ನೂ ಮುರಿದಿತ್ತು.

ಹೊರಡುವಾಗ ಆ ಸಿಸ್ಟರ್ ಅಂದರು, “ನಿಮಗೆ ಕೈಗುಣ ಇದೆ, ಆದರೆ ಹೀಗೆ ಬರಬೇಡಿ. ಒಂದು ತಂಡ ಸೇರಿ, ಅವರು ಕಳಿಸಿದಾಗ ಬನ್ನಿ.” ಬೈದರೋ ಹೊಗಳಿದರೋ ಆಗ ಗೊತ್ತಾಗಲಿಲ್ಲ. ಊರಿಗೆ ಬಂದು ತಂಡ ಹುಡುಕಿದೆ.

ತಂಡ ಸೇರುವುದು ಅಂದರೆ ಏನು? ಮೊದಲಿಗೆ ಒಂದು ಫಾರಂ. ಅದರಲ್ಲಿ ನಿಮ್ಮ ತ್ಯಾಗ ಬುದ್ಧಿಯ ಬಗ್ಗೆ ಒಂದೂ ಪ್ರಶ್ನೆ ಇರುವುದಿಲ್ಲ. ನಿಮ್ಮ ನೋಂದಣಿ ಸಂಖ್ಯೆ ಕೇಳುತ್ತಾರೆ. ನರ್ಸ್ ಆದರೆ ನರ್ಸಿಂಗ್ ಕೌನ್ಸಿಲಿನದು, ನಮ್ಮಂಥವರಾದರೆ ಫಾರ್ಮಸಿ ಕೌನ್ಸಿಲಿನದು. ನೆರೆ ಬಂದರೂ ಕಾನೂನು ತೇಲಿಹೋಗುವುದಿಲ್ಲ. ಇಲ್ಲಿ ನೀವು ಮಾಡಬಾರದ್ದನ್ನು ಅಲ್ಲೂ ಮಾಡುವಂತಿಲ್ಲ. ಟಿ.ಟಿ. ಯಾವಾಗ ಹಾಕಿಸಿದ್ದು, ಹೆಪಟೈಟಿಸ್ ಬಿ ಮೂರು ಡೋಸ್ ಆಗಿದೆಯಾ, ಟೈಫಾಯ್ಡ್ ಲಸಿಕೆ ಆಗಿದೆಯಾ, ನಿಮಗೇ ದಿನಾ ತಗೊಳ್ಳುವ ಗುಳಿಗೆ ಇದೆಯಾ, ನೆಲದ ಮೇಲೆ ಮಲಗಿದರೆ ಬೆನ್ನು ಹಿಡಿಯುತ್ತದಾ, ಯಾವ ಯಾವ ಭಾಷೆ ಬರುತ್ತದೆ, ಏನಾದರೂ ಆದರೆ ಮನೆಯಲ್ಲಿ ಯಾರಿಗೆ ಫೋನ್ ಮಾಡಬೇಕು. ಆ ಕೊನೆಯ ಪ್ರಶ್ನೆಗೆ ಉತ್ತರ ಬರೆಯುವಾಗ ಎಲ್ಲರ ಪೆನ್ನೂ ಒಂದು ಕ್ಷಣ ನಿಲ್ಲುತ್ತದೆ.

ಜೊತೆಗೆ ಕೆಲಸದ ಜಾಗದಿಂದ ಒಂದು ಪತ್ರ. ಇದನ್ನು ಬಹಳ ಜನ ಹಗುರ ಮಾಡಿಕೊಳ್ಳುತ್ತಾರೆ. ನೀವು ಏಳೆಂಟು ದಿನ ಹೋದರೆ ನಿಮ್ಮ ವಾರ್ಡಿನಲ್ಲಿ ನಿಮ್ಮ ಡ್ಯೂಟಿ ಯಾರೋ ಮಾಡುತ್ತಿರುತ್ತಾರೆ. ನನ್ನ ಕೌಂಟರಿನಲ್ಲಿ ನಾನು ಹೋದಾಗಲೆಲ್ಲ ಡಬಲ್ ಡ್ಯೂಟಿ ಮಾಡುವ ಹುಡುಗನೊಬ್ಬ ಇದ್ದಾನೆ. ಅವನ ಫೋಟೊ ಯಾವ ಪೇಪರಿನಲ್ಲೂ ಬಂದಿಲ್ಲ. ವಾಪಸ್ ಬಂದಾಗ ಅವನಿಗೆ ಧಾರವಾಡ ಪೇಡ ಒಯ್ಯುತ್ತೇನೆ, ಅದನ್ನೂ ಅವನು ಎಲ್ಲರಿಗೂ ಹಂಚಿಬಿಡುತ್ತಾನೆ.

ಇಷ್ಟೆಲ್ಲ ಕಾಗದ ಯಾಕೆ ಅಂತ ನಿಮಗೆ ಅನ್ನಿಸಬಹುದು. 2010ರ ಜನವರಿ 12ಕ್ಕೆ ಹೈಟಿಯಲ್ಲಿ ಭೂಕಂಪ ಆಯಿತು. ವೈದ್ಯರ ತಂಡಗಳು ಎಲ್ಲೆಲ್ಲಿಂದಲೋ ಬಂದವು. ಒಳ್ಳೆ ಕೆಲಸ ಮಾಡಿದವರು ಬಹಳ. ಆದರೆ ಕೆಲವು ತಂಡಗಳಿಗೆ ಇಂಥ ಕೆಲಸದ ಅಭ್ಯಾಸವೇ ಇರಲಿಲ್ಲ. ಕಾಲು ಕತ್ತರಿಸಿದರು, ಏನು ಮಾಡಿದೆವು ಅಂತ ಬರೆದಿಡಲಿಲ್ಲ, ವಿಮಾನ ಹತ್ತಿ ಹೋದರು. ಹೊಲಿಗೆ ಬಿಚ್ಚುವವರು ಯಾರು, ಕೃತಕ ಕಾಲು ಕೊಡುವವರು ಯಾರು? ಅದಾದ ಮೇಲೆಯೇ, 2013ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ತಂಡಗಳನ್ನು ವರ್ಗ ಮಾಡಿದ್ದು. ಬರೀ ಹೊರರೋಗಿಗಳನ್ನು ನೋಡುವ ತಂಡ ಮೊದಲನೇ ವರ್ಗ. ಆಪರೇಷನ್ ಮಾಡುವುದಾದರೆ ಎರಡನೇದು, ಕನಿಷ್ಠ 20 ಹಾಸಿಗೆ ಇರಬೇಕು. ಯಾವ ವರ್ಗವಾದರೂ ಸರಿ, ನಿಮ್ಮ ಅನ್ನ, ನೀರು, ಮಲಗುವ ಜಾಗ ನಿಮ್ಮದೇ ಆಗಿರಬೇಕು. ಇದನ್ನು ಓದುವಾಗ ನನಗೆ ಆ ಸಿಸ್ಟರ್ ನೆನಪಾದರು. ಇಡೀ ಪುಸ್ತಕವನ್ನು ಅವರು ಎರಡು ಪ್ರಶ್ನೆಯಲ್ಲಿ ಕೇಳಿಬಿಟ್ಟಿದ್ದರು.

ತರಬೇತಿಯ ಬಗ್ಗೆ ಒಂದೇ ಒಂದು ವಿಷಯ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನಾನು ಫೇಲ್ ಆಗಿದ್ದೆ. ಬಹಳ ಜನ ಒಟ್ಟಿಗೆ ಗಾಯಗೊಂಡಾಗ ಯಾರನ್ನು ಮೊದಲು ನೋಡಬೇಕು ಅನ್ನುವ ವಿಂಗಡಣೆ, ಟ್ರಯಾಜ್ ಅಂತ ನೀವೂ ಓದಿರುತ್ತೀರಿ. ನಡೆಯಬಲ್ಲವರಿಗೆ ಹಸಿರು ಪಟ್ಟಿ. ಉಸಿರಾಟ ಇಲ್ಲ, ಬಾಯಿ ತೆರೆದು ಗಂಟಲ ದಾರಿ ಸರಿ ಮಾಡಿದರೂ ಬರಲಿಲ್ಲ ಅಂದರೆ ಕಪ್ಪು. ಉಸಿರು ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇದ್ದರೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ‘ಕೈ ಎತ್ತು’ ಅಂದರೆ ಎತ್ತದಿದ್ದರೆ ಕೆಂಪು. ಉಳಿದವರಿಗೆ ಹಳದಿ. ಒಬ್ಬರಿಗೆ ಅರ್ಧ ನಿಮಿಷ ಅಷ್ಟೇ. ಕಾಗದದ ಮೇಲೆ ಸುಲಭ.

ಮೈದಾನದಲ್ಲಿ ಕಾಲೇಜು ಹುಡುಗರನ್ನು ಮಲಗಿಸಿದ್ದರು. ಮೈಗೆ ಕುಂಕುಮದ ನೀರು ಹಚ್ಚಿದ್ದರು. ಒಬ್ಬ ಹುಡುಗ ಎಷ್ಟು ಚೆನ್ನಾಗಿ ಕೂಗಿದ ಅಂದರೆ ನಾನು ಅವನ ಹತ್ತಿರವೇ ಕೂತುಬಿಟ್ಟೆ. ಕಾಲು ಕಟ್ಟಿದೆ, ಸಮಾಧಾನ ಮಾಡಿದೆ. ಅವನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಒಬ್ಬಳು ಹುಡುಗಿ ಸುಮ್ನೆ ಮಲಗಿದ್ದಳು. ಅವಳ ಕೊರಳಲ್ಲಿದ್ದ ಚೀಟಿಯಲ್ಲಿ ‘ಉಸಿರು 36’ ಅಂತ ಬರೆದಿತ್ತು. ನಾನು ಅವಳ ಹತ್ತಿರ ಹೋಗಲೇ ಇಲ್ಲ. ತರಬೇತಿ ಕೊಡುವವರು ನನ್ನ ಬಳಿ ಬಂದು, “ಮೇಡಂ, ಕೂಗುವವನು ಉಸಿರಾಡುತ್ತಿದ್ದಾನೆ. ಸುಮ್ಮನಿರುವವರನ್ನು ನೋಡಿ” ಅಂದರು. ಆ ಹುಡುಗಿ ಎದ್ದು ಮೈ ಕೊಡವಿಕೊಂಡು, “ಅಕ್ಕಾ, ನಾನು ಸತ್ತೆ” ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಮುಂದೆ ಈ ಮಾತು ನನಗೆ ಕೆಲಸಕ್ಕೆ ಬಂದದ್ದು ರಕ್ತ ಇರುವ ಜಾಗದಲ್ಲಲ್ಲ, ಗಂಜಿ ಕೇಂದ್ರದ ಸಾಲಿನಲ್ಲಿ. ಅದಕ್ಕೆ ಬರುತ್ತೇನೆ.

2019ರ ಆಗಸ್ಟ್. ಈ ಸಲ ನೆರೆ ನಮ್ಮ ಮನೆ ಬಾಗಿಲಿಗೇ ಬಂತು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಏರಿದವು. ನವಿಲುತೀರ್ಥ ಡ್ಯಾಂನಿಂದ ನೀರು ಬಿಟ್ಟ ಮೇಲೆ ಮಲಪ್ರಭೆಯ ದಂಡೆಯ ರಾಮದುರ್ಗ, ಕೊಣ್ಣೂರು, ಹೊಳೆಆಲೂರು ಕಡೆಯ ಊರುಗಳು ನೀರಲ್ಲಿ ನಿಂತವು. ಪಟ್ಟದಕಲ್ಲಿನ ಗುಡಿಗಳೊಳಗೂ ಹೊಳೆ ಹೋಯಿತು. ನಾಲ್ಕು ವರ್ಷ ಮಳೆ ಇಲ್ಲ ಅಂತ ಅಳುತ್ತಿದ್ದ ಸೀಮೆ ಅದು. ನಮ್ಮ ತಂಡ ಜಿಲ್ಲೆಯ ಆರೋಗ್ಯ ಇಲಾಖೆಗೆ ಫೋನ್ ಮಾಡಿ, ಅವರು ಹೇಳಿದ ಊರಿಗೆ, ಅವರು ಹೇಳಿದ ದಿನ ಹೋಯಿತು. ಇಬ್ಬರು ಡಾಕ್ಟರ್, ಮೂವರು ನರ್ಸ್, ನಾನು, ಒಬ್ಬ ಡ್ರೈವರ್. ಅಕ್ಕಿ, ಬೇಳೆ, ಗ್ಯಾಸ್ ಒಲೆ, ಚಾಪೆ ಎಲ್ಲ ನಮ್ಮದೇ.

ಎರಡನೇ ದಿನ ಒಬ್ಬ ಅಜ್ಜಿ ಬಂದು ನನ್ನ ಬೆಂಚಿನ ಮುಂದೆ ಕೂತರು. ಡಾಕ್ಟರ್ ಬಿ.ಪಿ. ನೋಡಿದ್ದರು, 170 ಮೇಲೆ 100. “ಗುಳಗಿ ತಗೋತಿದ್ರಾ ಅಜ್ಜಿ?” “ತಗೋತಿದ್ದೆ ಯವ್ವಾ. ಎಲ್ಲಾ ಹೊಳಿ ಪಾಲಾತು.” “ಯಾವ ಗುಳಗಿ?” “ಬಿಳೀದು.” “ಹೆಸರು?” “ಗುಳಗಿಗೆ ಎಂಥಾ ಹೆಸರs? ಸಣ್ಣದು, ಬಿಳೀದು. ಮುಂಜಾನೆ ಒಂದು.”

ಕೌಂಟರಿನಲ್ಲಿ ನಿಂತವರಿಗೆ ಗೊತ್ತು, ಸಣ್ಣ ಬಿಳಿ ಗುಳಿಗೆ ಅಂದರೆ ಊರಿನಲ್ಲಿ ಅರ್ಧ ಔಷಧಿ ಅದೇ. ನನಗೊಂದು ಉಪಾಯ ಹೊಳೆಯಿತು. ಅಡುಗೆ ಮಾಡುವ ಅಕ್ಕನ ಹತ್ತಿರ ಒಂದು ಸ್ಟೀಲ್ ಗಂಗಾಳ ಇಸಿದುಕೊಂಡೆ. ಅಂಚಿನ ಮೇಲೆ ಮದುವೆಯ ಕಾಣಿಕೆ ಅಂತ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ ಹಳೇ ಗಂಗಾಳ. ಅದರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕೊಡುವ ಗುಳಿಗೆಗಳನ್ನು ಒಂದೊಂದಾಗಿ ಇಟ್ಟೆ. ಆಮ್ಲೊಡಿಪಿನ್, ಅಟೆನೊಲಾಲ್, ಮೆಟ್‌ಫಾರ್ಮಿನ್, ಗ್ಲಿಬೆನ್‌ಕ್ಲಮೈಡ್, ಕಡಿಮೆ ಡೋಸಿನ ಆಸ್ಪಿರಿನ್. ಅಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬಗ್ಗಿ ನೋಡಿದರು. ಮೆಟ್‌ಫಾರ್ಮಿನ್ ಎತ್ತಿ, “ಇದಲ್ಲ, ಇದು ಗಂಟಲದಾಗ ಸಿಗತೈತಿ” ಅಂದರು. ಆಮೇಲೆ ಬೆರಳ ತುದಿಯಿಂದ ಒಂದನ್ನು ಸರಿಸಿ, “ಇದs. ನಡಬರಕ ಗೆರಿ ಐತಿ ನೋಡು” ಅಂದರು. ಪೂರ್ತಿ ಧೈರ್ಯದಿಂದ.

ಅವರು ಸರಿಸಿದ್ದು ಗ್ಲಿಬೆನ್‌ಕ್ಲಮೈಡ್. ಸಕ್ಕರೆ ಕಾಯಿಲೆಯದು.

ಫಾರ್ಮಸಿ ಓದುವವರು ಇಲ್ಲಿ ಸ್ವಲ್ಪ ಎದ್ದು ಕೂತುಕೊಳ್ಳಿ. ಇದು ತಪ್ಪಿದರೆ ಏನಾಗುತ್ತದೆ? ಸಕ್ಕರೆ ಇಲ್ಲದವರಿಗೆ ಇದನ್ನು ಕೊಟ್ಟರೆ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಅದರಲ್ಲೂ ವಯಸ್ಸಾದವರಿಗೆ, ಅದರಲ್ಲೂ ಊಟ ಮಧ್ಯಾಹ್ನ ಒಂದಕ್ಕೋ ನಾಲ್ಕಕ್ಕೋ ಗೊತ್ತಿಲ್ಲದ ಗಂಜಿ ಕೇಂದ್ರದಲ್ಲಿ. ಸಕ್ಕರೆ ಕಾಯಿಲೆ ನಿಜವಾಗಿ ಇರುವವರಿಗೂ ಶಿಬಿರದಲ್ಲಿ ಈ ಗುಳಿಗೆ ಅಪಾಯವೇ, ಊಟ ತಪ್ಪಿದ ದಿನ ಗುಳಿಗೆ ತಪ್ಪುವುದಿಲ್ಲವಲ್ಲ. ಡಾಕ್ಟರಿಗೆ ಹೇಳಿದೆ. ಬೆರಳು ಚುಚ್ಚಿ ಸಕ್ಕರೆ ನೋಡಿದರು, 108. ನಾಲ್ಕು ದಿನ ಗುಳಿಗೆ ಇಲ್ಲದೆ, ಗಂಜಿ ಉಂಡು, ಸಕ್ಕರೆ ಕಾಯಿಲೆ ಇಲ್ಲದವರ ಹಾಗೆ 108. ಏನೋ ಹೊಂದುತ್ತಿಲ್ಲ.

ಅಷ್ಟರಲ್ಲಿ ಆ ಊರಿನ ಆಶಾ ಕಾರ್ಯಕರ್ತೆ ಬಂದರು. ಅವರ ಮನೆಯೂ ಮುಳುಗಿತ್ತು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಡೈರಿ ಹಿಡಿದುಕೊಂಡಿದ್ದರು. ಹೊರಡುವಾಗ ಬಂಗಾರ ತಗೊಂಡರೋ ಇಲ್ಲವೋ ಗೊತ್ತಿಲ್ಲ, ಡೈರಿ ತಂದಿದ್ದರು. ಪುಟ ತಿರುಗಿಸದೇ ಹೇಳಿದರು, “ಈ ಅಜ್ಜಿಗಿ ಶುಗರ್ ಇಲ್ರಿ ಮೇಡಂ. ಬಿ.ಪಿ. ಅಷ್ಟs. ಆಮ್ಲೊಡಿಪಿನ್ ಐದು. ಶುಗರ್ ಇದ್ದದ್ದು ಅವರ ಯಜಮಾನರಿಗೆ, ಅವರು ತೀರಿ ಎರಡು ವರ್ಷ ಆತು. ಅವರ ಗುಳಗಿ ದಿನಾ ಇವರs ಕೊಡತಿದ್ರು.”

ಅಜ್ಜಿ ಗಂಗಾಳವನ್ನೇ ನೋಡುತ್ತಿದ್ದರು. “ಹೌದಲ್ಲs” ಅಂದರು ಮೆಲ್ಲಗೆ. ಅವರ ಬೆರಳು ನೆನಪಿಟ್ಟುಕೊಂಡದ್ದು ಗಂಡನ ಗುಳಿಗೆಯನ್ನು.

ಆವತ್ತಿನಿಂದ ನಾನು ಗಂಗಾಳವನ್ನು ಬಿಡಲಿಲ್ಲ, ಆದರೆ ಗಂಗಾಳವನ್ನು ನಂಬುವುದನ್ನು ಬಿಟ್ಟೆ. ಮೊದಲು ಆಶಾ ಅಕ್ಕನನ್ನು ಹುಡುಕು, ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ಫಾರ್ಮಸಿಸ್ಟನ್ನು ಹುಡುಕು, ಬಿ.ಪಿ. ನೋಡು, ಸಕ್ಕರೆ ನೋಡು, ಕೊನೆಗೆ ಗಂಗಾಳ. ನಾವು ಎಲ್ಲಿಂದಲೋ ಬಂದವರು. ಊರು ಗೊತ್ತಿರುವವರು ಆ ಊರಿನಲ್ಲೇ ಇರುತ್ತಾರೆ. ಅವರೂ ಸಂತ್ರಸ್ತರು ಅನ್ನೋದನ್ನ ಮರೆಯಬೇಡಿ. ನಮ್ಮ ನರ್ಸ್ ಒಬ್ಬರು ಆ ಅಕ್ಕನಿಗೆ ಮೊದಲು ಒಂದು ಲೋಟ ಚಹಾ ಕೊಟ್ಟು ಕೂರಿಸಿದರು. ನನಗೆ ಅದು ಹೊಳೆದಿರಲಿಲ್ಲ.

ಈಗ ಸುಮ್ಮನಿರುವವರ ವಿಷಯ. ಅದೇ ಶಿಬಿರದಲ್ಲಿ ಒಬ್ಬ ಹೆಂಗಸು ಬೆಳಿಗ್ಗೆಯಿಂದ ಸಾಲಿನ ಹತ್ತಿರ ಬರುವುದು, ಹಿಂದೆ ಸರಿಯುವುದು ಮಾಡುತ್ತಿದ್ದರು. ನಾಲ್ಕು ಜನ ಕೂಗಿ ಜಗಳ ಮಾಡಿ ಜಂಡು ಬಾಮ್ ಇಸಿದುಕೊಂಡು ಹೋದರು. ಇವರು ಮಾತಾಡಲಿಲ್ಲ. ಮೈದಾನದ ಆ ಹುಡುಗಿ ನನಗೆ ನೆನಪಾದಳು. ಸಂಜೆ ಬೆಂಚು ಮಡಚುವ ನೆಪದಲ್ಲಿ ನಾನೇ ಅವರ ಕಡೆ ಹೋದೆ. ಅವರು ಮುಷ್ಟಿ ಬಿಚ್ಚಿ ತೋರಿಸಿದರು. ಒಂದೇ ಒಂದು ಗುಳಿಗೆ, ಬೆವರಿಗೆ ನೆನೆದದ್ದು. ನೋಡಿದ ಕೂಡಲೇ ಗೊತ್ತಾಯಿತು, ಎ.ಆರ್.ಟಿ. ಎಚ್.ಐ.ವಿ. ಇದ್ದವರು ದಿನಾ ತಪ್ಪದೆ ತಗೊಳ್ಳಬೇಕಾದ್ದು. ಅವರು ಕೊನೆಯದನ್ನು ನುಂಗದೆ ತೋರಿಸುವುದಕ್ಕೆ ಅಂತ ಇಟ್ಟುಕೊಂಡಿದ್ದರು, ಬಾಯಿಬಿಟ್ಟು ಹೆಸರು ಹೇಳುವಂತಿರಲಿಲ್ಲ. ಗೋಡೆ ಇಲ್ಲದ ಮನೆ ಅದು, ಒಂದು ಶಾಲೆಯ ಹಾಲ್‌ನಲ್ಲಿ ಇಡೀ ಊರು ಮಲಗಿತ್ತು. ಡಾಕ್ಟರ್ ಒಬ್ಬರೇ ಫೋನ್ ಮಾಡಿ ಎ.ಆರ್.ಟಿ. ಕೇಂದ್ರದಿಂದ ಗುಳಿಗೆ ತರಿಸಿದರು. ನಾನು ಅದನ್ನು ಜ್ವರದ ಗುಳಿಗೆಯ ಕವರಿನಲ್ಲಿ ಹಾಕಿ ಕೊಟ್ಟೆ. ನಿಯಮದ ಪ್ರಕಾರ ತಪ್ಪು ಲೇಬಲ್. ಬೈಯುವುದಾದರೆ ಬೈಯಿರಿ.

ರಿಜಿಸ್ಟರ್ ಬರೆಯುವುದು ನನ್ನ ಇನ್ನೊಂದು ಕೆಲಸ, ಮತ್ತು ನನಗೆ ಬಹಳ ಇಷ್ಟದ್ದು. ಯಾವ ಔಷಧಿ ಎಷ್ಟು ಹೋಯಿತು ಅನ್ನುವ ಲೆಕ್ಕ. ಅದನ್ನು ರಾತ್ರಿ ಕೂತು ಓದಿದರೆ ಶಿಬಿರದ ಜಾತಕವೇ ಸಿಗುತ್ತದೆ. ಮೂರನೇ ದಿನ ಉರಿಮೂತ್ರದ ಔಷಧಿ ಏಕಾಏಕಿ ಜಾಸ್ತಿ ಹೋಯಿತು, ಎಲ್ಲ ಹೆಂಗಸರಿಗೇ. ಕೇಳಿದರೆ ಯಾರೂ ನೀರು ಕುಡಿಯುತ್ತಿರಲಿಲ್ಲ. ಯಾಕೆ? ಶೌಚಾಲಯ ಶಾಲೆಯ ಹಿಂದೆ, ದೀಪ ಇಲ್ಲ, ಬಾಗಿಲ ಚಿಲಕ ಇಲ್ಲ. ಶಿಬಿರಗಳಿಗೆ ಜಗತ್ತು ಒಪ್ಪಿದ ಒಂದು ಅಳತೆ ಇದೆ, 20 ಜನಕ್ಕೆ ಒಂದು ಶೌಚಾಲಯ, ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು. ಅಳತೆ ಬಿಡಿ, ಅಲ್ಲಿ ಬೇಕಾಗಿದ್ದದ್ದು ಒಂದು ಬಲ್ಬು, ಒಂದು ಚಿಲಕ. ನಮ್ಮ ಡ್ರೈವರ್ ಅಣ್ಣ ಎರಡನ್ನೂ ಹಾಕಿದ. ಆ ವಾರ ನಮ್ಮ ತಂಡ ಮಾಡಿದ ದೊಡ್ಡ ಚಿಕಿತ್ಸೆ ಅದು ಅಂತ ನಾನು ಈಗಲೂ ವಾದ ಮಾಡುತ್ತೇನೆ, ಡಾಕ್ಟರುಗಳು ಒಪ್ಪುವುದಿಲ್ಲ.

ಫಾರ್ಮಸಿಯವರಿಗೆ ಇಲ್ಲಿ ಏನು ಕೆಲಸ ಅಂತ ಕೇಳುವವರಿಗೆ ನಾನು ಪಶ್ಚಿಮ ಬಂಗಾಳದ ಗಡಿಯ ಊರು ಬನಗಾಂವ್‌ನ 1971ರ ಕಥೆ ಹೇಳುತ್ತೇನೆ. ಬಾಂಗ್ಲಾ ಯುದ್ಧದ ನಿರಾಶ್ರಿತರು ಲಕ್ಷ ಲಕ್ಷ ಗಡಿ ದಾಟಿ ಬಂದರು, ಶಿಬಿರದಲ್ಲಿ ಕಾಲರಾ ಎದ್ದಿತು. ಸಲೈನ್ ಬಾಟಲಿ ಸಾಲಲಿಲ್ಲ, ಹಾಕುವ ಕೈಗಳೂ ಸಾಲಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಅನ್ನುವ ವೈದ್ಯರು ಏನು ಮಾಡಿದರು? ಉಪ್ಪು, ಸೋಡಾ, ಗ್ಲೂಕೋಸ್ ತೂಗಿಸಿ ಪೊಟ್ಟಣ ಕಟ್ಟಿಸಿದರು, ಡ್ರಮ್ಮಿನ ನೀರಿಗೆ ಕಲಸಿ ನಲ್ಲಿ ಹಾಕಿಸಿದರು, ರೋಗಿಯ ಅಮ್ಮನೋ ಅಕ್ಕನೋ ಲೋಟದಲ್ಲಿ ಹಿಡಿದು ಕುಡಿಸಲಿ ಅಂದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಇವತ್ತು ಮೆಡಿಕಲ್ ಶಾಪಿನಲ್ಲಿ ಬೇಜಾರಿನಿಂದ ಎತ್ತಿ ಕೊಡುತ್ತೇವಲ್ಲ, ಓ.ಆರ್.ಎಸ್. ಪ್ಯಾಕೆಟ್, ಅದು ಶಿಬಿರದಲ್ಲಿ ಗೆದ್ದ ಕಥೆ ಇದು. ತೂಕ ಮಾಡುವುದು, ಪೊಟ್ಟಣ ಕಟ್ಟುವುದು. ನಮ್ಮ ಕೆಲಸವೇ ಅಲ್ವಾ?

ಇನ್ನೊಂದು ಸಣ್ಣ ವಿಷಯ, ನರ್ಸಿಂಗಿನವರಿಗೆ. ನೆರೆ ಇಳಿದ ಮೇಲೆ ಇಲಿ ಜ್ವರ ಬರುತ್ತದೆ. 2018ರಲ್ಲಿ ಕೇರಳದಲ್ಲಿ ಅದಕ್ಕೆ ಮುಂಜಾಗ್ರತೆಯಾಗಿ ಕೆಸರಲ್ಲಿ ಕೆಲಸ ಮಾಡುವವರಿಗೆ ಡಾಕ್ಸಿಸೈಕ್ಲಿನ್ ಕೊಟ್ಟರು, ವಾರಕ್ಕೊಮ್ಮೆ 200 ಮಿ.ಗ್ರಾಂ. ಕೊಡುವುದು ಸುಲಭ. ಆದರೆ ಅದನ್ನು ಊಟದ ಮೇಲೆ, ತುಂಬು ಲೋಟ ನೀರಿನ ಜೊತೆ ನುಂಗಬೇಕು, ನುಂಗಿದ ತಕ್ಷಣ ಮಲಗಬಾರದು, ಇಲ್ಲದಿದ್ದರೆ ಅನ್ನನಾಳದಲ್ಲಿ ಕೂತು ಹುಣ್ಣು ಮಾಡುತ್ತದೆ. ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಬೇಡ. ಇದನ್ನೆಲ್ಲ ಹೇಳದೆ ಬರೀ ಕವರ್ ಹಂಚಿದರೆ ಹಂಚದೇ ಇದ್ದದ್ದೇ ವಾಸಿ.

ಮನಸ್ಸಿನ ವಿಷಯ ಸ್ವಲ್ಪ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಪತ್ತಿನಲ್ಲಿ ನೊಂದವರ ಮನಸ್ಸಿಗೆ ಆಸರೆ ಕೊಡುವುದಕ್ಕೇ ಒಂದು ವಿಭಾಗ ಇದೆ, ಅಂದರೆ ಇದು ಸುಮ್ನೆ ಬಾಯಿಮಾತಿನ ಕೆಲಸವಲ್ಲ. ನಮಗೆ ಕಲಿಸಿದ್ದರಲ್ಲಿ ನನಗೆ ಉಳಿದದ್ದು ಒಂದೇ, ‘ಎಲ್ಲಾ ಸರಿಹೋಗುತ್ತದೆ’ ಅನ್ನಬೇಡಿ. ಒಬ್ಬರಿಗೆ ನಾನು ಹಾಗೆ ಅಂದಿದ್ದೆ. ಅವರು, “ಎಮ್ಮಿ ಎರಡೂ ಹೋದುವು ಯವ್ವಾ, ಹೆಂಗ ಸರಿ ಹೋಗತೈತಿ?” ಅಂತ ನಿಜವಾಗಿಯೂ ಉತ್ತರಕ್ಕೆ ಕಾದರು.

ಮತ್ತೆ, ತಂಡ ಸೇರಿದ ಮೇಲೆ ಕಳಿಸದೇ ಇರುವುದೂ ಇದೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕುಸಿದಾಗ ನಾನು ಬ್ಯಾಗ್ ಕಟ್ಟಿ ಕೂತಿದ್ದೆ. ಫೋನ್ ಬಂತು. “ಮಲಯಾಳಂ ಬರುತ್ತದಾ?” ಇಲ್ಲ. “ಹಾಗಾದರೆ ಬೇಡ, ಅಲ್ಲಿ ಕೇರಳದ ಸಿಬ್ಬಂದಿ ಬೇಕಾದಷ್ಟಿದ್ದಾರೆ.” ಬೇಜಾರಾಯಿತು. ಟಿ.ವಿ.ಯಲ್ಲಿ ನೋಡಿದೆ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಹಗಲು ರಾತ್ರಿ ಸೇರಿಸಿ 190 ಅಡಿಯ ಬೈಲಿ ಸೇತುವೆ, ಅಂದರೆ ಉಕ್ಕಿನ ತುಂಡು ಜೋಡಿಸಿ ಬೇಗ ನಿಲ್ಲಿಸುವ ಸೇತುವೆ, ಕಟ್ಟುತ್ತಿದ್ದರು. ಅದು ಮುಗಿಯುವ ತನಕ ಆಂಬುಲೆನ್ಸೇ ಆಚೆ ಹೋಗುವಂತಿರಲಿಲ್ಲ. ನಾನು ಹೋಗಿದ್ದರೆ ಹೊಳೆಯ ಈಚೆ ದಡದಲ್ಲಿ ಇನ್ನೊಂದು ಚಾಪೆ ಹಾಸಿಕೊಳ್ಳುತ್ತಿದ್ದೆ.

ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಬಂದವು. ಒಬ್ಬ ಹುಡುಗ, “ಸರ್ಟಿಫಿಕೇಟ್ ಕೊಡುತ್ತಾರಾ ಮೇಡಂ?” ಅಂದ. ಕೊಡುತ್ತಾರೆ, ನನ್ನದು ಗೆದ್ದಲು ತಿಂದಿದೆ. ಇನ್ನೊಬ್ಬಳು, “ಮನೆಯಲ್ಲಿ ಬಿಡುವುದಿಲ್ಲ, ಏನು ಮಾಡಲಿ?” ಅಂದಳು. ಜಗಳ ಮಾಡಬೇಡ. ತರಬೇತಿಗೆ ಮಾತ್ರ ಹೋಗು ಮೊದಲು. ನಿಮ್ಮ ತಾಲೂಕಿನಲ್ಲೇ ಯಾವತ್ತೋ ಬಸ್ಸು ಮಗುಚುತ್ತದೆ, ಜಾತ್ರೆಯಲ್ಲಿ ಊಟ ಕೆಡುತ್ತದೆ, ಅದಕ್ಕೆ ಯಾರ ಅನುಮತಿಯೂ ಬೇಡ. ನಮ್ಮ ಅವ್ವನೂ ಮೊದಮೊದಲು ಬಿಡುತ್ತಿರಲಿಲ್ಲ. ಈಗ ಮಳೆ ಜೋರಾದರೆ ನನಗಿಂತ ಮುಂಚೆ ಅವಳೇ ಬಾಗಿಲ ಹಿಂದಿನ ಬ್ಯಾಗಿನಿಂದ ಹಳೇ ಅವಲಕ್ಕಿ ತೆಗೆದು ಹೊಸದು ತುಂಬುತ್ತಾಳೆ.

ಮೂರನೇದು ಹಿಂದಿನ ಸಾಲಿನಿಂದ ಬಂತು. “ಆ ಗಂಗಾಳ ಏನಾಯಿತು?”

ಹೊರಡುವ ದಿನ ತೊಳೆದು ವಾಪಸ್ ಕೊಡಲು ಹೋದೆ. ಅಡುಗೆಯ ಅಕ್ಕ ಒರೆಸಿ ತಿರುಗಿಸಿ ನೋಡಿ, “ಇದು ನಂದಲ್ಲ, ಯಾರ ಮನೀದೋ ತೇಲಿ ಬಂದಿತ್ತು, ನೀವs ಇಟ್ಕೋರಿ” ಅಂದರು. ಅಂಚಿನಲ್ಲಿದ್ದ ಹೆಸರಿನವರನ್ನು ಆಶಾ ಅಕ್ಕ ಆಮೇಲೆ ಸುತ್ತಲಿನ ಮೂರು ಊರಲ್ಲಿ ವಿಚಾರಿಸಿದರು, ಸಿಗಲಿಲ್ಲ. ಅದು ಈಗ ನಮ್ಮ ತಂಡದ ಎರಡನೇ ನಂಬರಿನ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ ಪಟ್ಟಿಯಲ್ಲಿ ಗ್ಲುಕೋಮೀಟರಿನ ಕೆಳಗೆ, ಬ್ಯಾಂಡೇಜಿನ ಮೇಲೆ, ಯಾರೋ ಬಾಲ್‌ಪೆನ್ನಿನಲ್ಲಿ ಸೇರಿಸಿದ್ದಾರೆ: ಗಂಗಾಳ, 1.